ಕ್ರಿಸ್ಟೋ ಅವರ ‘ಓವರ್ ದಿ ರಿವರ್’ ಏಕೆ ನಿರ್ಮಾಣವಾಗಲಿಲ್ಲ?

ಕೃತಿ ನಿಲ್ಲಬೇಕಾಗಿದ್ದ ನೆಲ ಕಲಾವಿದರದ್ದಾಗಿರಲಿಲ್ಲ, ಅದೇ ಮುಖ್ಯ ಕಾರಣ. ಕ್ರಿಸ್ಟೋ ಮತ್ತು ಜೀನ್-ಕ್ಲಾಡ್ ದಂಪತಿ 1992ರಿಂದ ರೂಪಿಸುತ್ತ ಬಂದ ಈ ಯೋಜನೆಯಂತೆ, ಅಮೆರಿಕದ ಕೊಲೊರಾಡೊದಲ್ಲಿ ಅರ್ಕಾನ್ಸಾ ನದಿಯ ಮೇಲೆ ಒಟ್ಟು ಸುಮಾರು 9.5 ಕಿಲೋಮೀಟರ್ ಉದ್ದದ ಬೆಳ್ಳಿಬಣ್ಣದ ಬಟ್ಟೆಯನ್ನು ಅಲ್ಲಲ್ಲಿ ಉಕ್ಕಿನ ಹಗ್ಗಗಳಿಗೆ ಕಟ್ಟಿ, ಎರಡೇ ವಾರ ಚಪ್ಪರದಂತೆ ಹರಡಬೇಕಿತ್ತು. ಕೆಳಗೆ ದೋಣಿಯಲ್ಲಿ ಸಾಗುವವರಿಗೆ ಆ ತೆಳುಬಟ್ಟೆಯ ಮೂಲಕ ಮೋಡಗಳೂ ಕಾಣಬೇಕಿತ್ತು. ವೆಚ್ಚವನ್ನು ಅವರು ತಮ್ಮ ರೇಖಾಚಿತ್ರ ಮೊದಲಾದ ಕಲಾಕೃತಿಗಳ ಮಾರಾಟದಿಂದಲೇ ಭರಿಸುತ್ತಿದ್ದರು. ಆದರೆ ಸಾರ್ವಜನಿಕ ಭೂಮಿಗೆ ಸರ್ಕಾರದ ಅನುಮತಿ ಬೇಕು; ಅದು 2011ರಲ್ಲಿ ದೊರೆತರೂ, ಕಾಡುಕುರಿ ಮೊದಲಾದ ವನ್ಯಜೀವಿಗಳಿಗೆ ಧಕ್ಕೆಯಾಗುವುದೆಂದು ಸ್ಥಳೀಯರ ಗುಂಪೊಂದು ನ್ಯಾಯಾಲಯದ ಮೆಟ್ಟಿಲೇರಿತು. ವ್ಯಾಜ್ಯ ವರ್ಷಗಟ್ಟಲೆ ಎಳೆಯಿತು. 2017ರ ಜನವರಿಯಲ್ಲಿ, ಟ್ರಂಪ್ ಸರ್ಕಾರ ಒಡೆಯನಾಗಿರುವ ನೆಲದಲ್ಲಿ ಕೆಲಸ ಮಾಡಲಾರೆನೆಂದು ಕ್ರಿಸ್ಟೋ ತಾವೇ ಹಿಂದೆ ಸರಿದರು. ಇಪ್ಪತ್ತೈದು ವರ್ಷಗಳ ದುಡಿಮೆಯನ್ನು ಹಾಗೆ ಬಿಟ್ಟುಕೊಟ್ಟದ್ದು ನನಗೆ ಇಂದಿಗೂ ನೋವಿನ ಸಂಗತಿ.