ಬ್ಯಾಗಿನಲ್ಲಿದ್ದ ಸರ್ಟಿಫಿಕೇಟು

ನನ್ನ ಹತ್ತಿರ ಸಲಹೆಗೆ ಬಂದು ಕೂತು ಐದು ನಿಮಿಷ ಆಗಿರಲಿಲ್ಲ. ಅವರು ಬ್ಯಾಗಿನಿಂದ ಲ್ಯಾಮಿನೇಷನ್ ಮಾಡಿಸಿದ ಕಾಗದವೊಂದನ್ನು ತೆಗೆದು ನನ್ನ ಮೇಜಿನ ಮೇಲಿಟ್ಟರು. 371(ಜೆ) ಸರ್ಟಿಫಿಕೇಟು, ಅಂದರೆ ಕಲ್ಯಾಣ ಕರ್ನಾಟಕದ ಸ್ಥಳೀಯರು ಅನ್ನುವುದಕ್ಕೆ ಸರ್ಕಾರ ಕೊಡುವ ಕಾಗದ. ಒಂದು ಮೂಲೆಯಲ್ಲಿ ಪ್ಲಾಸ್ಟಿಕ್ ಎದ್ದು ಬಂದಿತ್ತು, ಎಷ್ಟು ಸಲ ಹೊರಗೆ ಬಂದಿದೆಯೋ ಏನೋ. "ನೋಡಿ ಮೇಡಂ, ನಾನು ಲೋಕಲ್ಲೇ" ಎಂದರು. ನಾನು ಕೇಳಿರಲೇ ಇಲ್ಲ.

ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಅವರನ್ನು ಟೀಚರ್ ಎಂದೇ ಕರೆಯುತ್ತೇನೆ. ವಯಸ್ಸು ಮೂವತ್ತರ ಆಸುಪಾಸು. ಕೆಲಸ ಕುಷ್ಟಗಿ ಕಡೆಯ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ, ವಾಸ ಅದೇ ಊರಿನ ಬಾಡಿಗೆ ಮನೆಯಲ್ಲಿ. ಹುಟ್ಟಿ ಬೆಳೆದದ್ದು ಗಂಗಾವತಿ ಕಡೆಯ ಒಂದು ಕ್ಯಾಂಪಿನಲ್ಲಿ.

ಕ್ಯಾಂಪ್ ಅಂದರೆ ನಮ್ಮ ಭಾಗದವರಿಗೆ ಬಿಡಿಸಿ ಹೇಳಬೇಕಿಲ್ಲ. ಬೇರೆ ಕಡೆಯವರಿಗಾಗಿ ಎರಡು ಮಾತು. 1953ರಲ್ಲಿ ತುಂಗಭದ್ರಾ ಡ್ಯಾಂ ಆಯಿತು. ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಕರಾವಳಿ ಆಂಧ್ರದ ರೈತರು ಅಲ್ಲಿದ್ದ ತುಂಡು ಹೊಲ ಮಾರಿ ಇತ್ತ ಬಂದರು. ಇಲ್ಲಿನವರು ಜೋಳ ಬೆಳೆಯುವವರು, ನೀರಾವರಿ ಬೇಸಾಯ ಹೊಸದು, ನೆಲದ ರೇಟೂ ಕಡಿಮೆ. ಬಂದವರು ಕೊಂಡರು, ಭತ್ತ ಹಾಕಿದರು, ಹೊಲದ ಪಕ್ಕವೇ ಗುಡಿಸಲು ಕಟ್ಟಿಕೊಂಡರು. ಆ ಗುಡಿಸಲುಗಳು ಇವತ್ತು ಊರುಗಳಾಗಿವೆ, ಹೆಸರು ಮಾತ್ರ ಕ್ಯಾಂಪ್ ಅಂತಲೇ ಉಳಿದಿದೆ. ಟೀಚರ್ ಅಜ್ಜ ಬಂದದ್ದು ಹಾಗೆ. ಟೀಚರ್ ಓದಿದ್ದು ಪೂರಾ ಕನ್ನಡ ಮೀಡಿಯಂ, ಮನೆಯ ಮಾತು ತೆಲುಗು.

ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಒಬ್ಬ ಸದಸ್ಯರು ಎಲ್ಲರೆದುರು ಅಂದರಂತೆ: "ಇವರೇನ್ ಇಲ್ಲಿನವರಲ್ಲ, ಕ್ಯಾಂಪಿನೋರು. ನಮ್ಮ ಹುಡುಗರ ನೌಕರಿ ಹಿಂಗ ಹೋದ್ವು." ಅವತ್ತಿನಿಂದ ಟೀಚರಿಗೆ ನಿದ್ದೆ ಸರಿಯಿಲ್ಲ. ಬಸ್ಸಿನಲ್ಲಿ ಯಾರಾದರೂ "ಯಾವೂರು?" ಅಂದರೂ ಎದೆ ಹೊಡೆದುಕೊಳ್ಳುತ್ತದೆ.

ಮೊದಲ ಭೇಟಿಯಲ್ಲಿ ನಾನು ತಪ್ಪು ಮಾಡಿದೆ. ಈ ಭಾಗದಲ್ಲಿ ಹುಟ್ಟಿದವರು ಕಾನೂನಿನ ಪ್ರಕಾರ ಸ್ಥಳೀಯರೇ, ಗ್ರೂಪ್ ಸಿ ಹುದ್ದೆಗಳಲ್ಲಿ ನೂರಕ್ಕೆ 80 ಸ್ಥಳೀಯರಿಗೇ ಮೀಸಲು, ನಿಮ್ಮ ನೌಕರಿ ಪಕ್ಕಾ, ಸುಮ್ನೆ ತಲೆ ಕೆಡಿಸ್ಕೋಬೇಡಿ ಎಂದೆ. ಎಲ್ಲ ನಿಜವೇ. ಮುಂದಿನ ವಾರ ಅವರು ಒಂದು ಫೈಲು ಹಿಡಿದು ಬಂದರು. ಜನನ ಪ್ರಮಾಣಪತ್ರ, ಶಾಲೆಯ ಟಿಸಿ, ಅಜ್ಜನ ಹೆಸರಿನ ಪಹಣಿ! ಅಲ್ಲಿಗೆ ನನಗೆ ಗೊತ್ತಾಯಿತು, ಬೆಂಕಿಗೆ ತುಪ್ಪ ಹಾಕಿದವಳು ನಾನೇ.

ಹಾಗಾಗಿ ದಾರಿ ಬದಲಿಸಿದೆ. ಒಂದು ನೋಟ್‌ಬುಕ್ ಇಟ್ಟುಕೊಳ್ಳಿ, ಎರಡು ವಾರ ಯಾರು ಯಾರು ನಿಮ್ಮ ಊರು ಕೇಳುತ್ತಾರೋ ಬರೆಯಿರಿ, ಕೇಳಿದ ಮೇಲೆ ಅವರು ಏನು ಮಾಡಿದರು ಅನ್ನೋದನ್ನೂ ಬರೆಯಿರಿ ಎಂದೆ. ಹದಿನಾಲ್ಕು ಸಲ ಕೇಳಿದ್ದರು. ಹನ್ನೊಂದು ಸಲ ಕೇಳಿದವರು ಮುದುಕಿಯರು, ಬಸ್ಸಿನ ಪಕ್ಕದ ಸೀಟಿನವರು, ಹಾಲು ಹಾಕುವಾಕೆ. ಉತ್ತರ ಸಿಕ್ಕ ಮೇಲೆ ಅವರು ಮಳೆ, ಮದುವೆ, ಮಕ್ಕಳು ಅಂತ ಬೇರೆ ಮಾತಿಗೆ ಹೋಗಿದ್ದರು. ಉಳಿದ ಮೂರೂ ಆ ಸದಸ್ಯರದ್ದೇ.

ನಮ್ಮಲ್ಲಿ "ಯಾವೂರು? ಯಾರ ಪೈಕಿ?" ಅನ್ನುವುದು ಬಹಳ ಸಲ ಮಾತು ಶುರು ಮಾಡುವ ರೀತಿ ಅಷ್ಟೇ. ಎದುರಿನವರನ್ನು ಎಲ್ಲಿ ಕೂಡಿಸಬೇಕು ಅಂತ ಗೊತ್ತಾಗದಿದ್ದರೆ ಹಳ್ಳಿಯವರಿಗೆ ಮಾತೇ ಹೊರಡುವುದಿಲ್ಲ. ನಾನು ಧಾರವಾಡದವಳು, ಈ ಜಿಲ್ಲೆಗೆ ಬಂದು ಹದಿನೆಂಟು ವರ್ಷ. ಇವತ್ತಿಗೂ ನಾನು ಧಾರವಾಡದ ಮೇಡಮ್ಮೇ.

ಆದರೆ ಆ ಹನ್ನೊಂದರಲ್ಲಿ ಒಂದು ಮಾತು ಟೀಚರನ್ನು ಕೊರೆಯುತ್ತಿತ್ತು. ಪಕ್ಕದ ಮನೆಯ ಮುದುಕಿ ಅಂದಿದ್ದರು: "ನಿಮ್ಮ ಕ್ಯಾಂಪಿನಾಗ ನಾನೂ ನಾಟಿ ಹಚ್ಚೀನಿ ಯವ್ವಾ." ಇದು ಚುಚ್ಚು ಮಾತೋ ಪ್ರೀತಿಯೋ ಅವರಿಗೆ ತಿಳಿದಿರಲಿಲ್ಲ. ನೀವೇ ಹೋಗಿ ಕೂತು ಕೇಳಿ ಎಂದೆ. ಹೋದರು. ಮಳೆಯಿಲ್ಲದ ವರ್ಷಗಳಲ್ಲಿ ಆ ಊರಿನ ಹೆಂಗಸರು ಗುಂಪು ಕಟ್ಟಿಕೊಂಡು ಕಾಲುವೆ ಕೆಳಗಿನ ಗದ್ದೆಗಳಿಗೆ ನಾಟಿಗೆ ಹೋಗುತ್ತಿದ್ದರು. ಒಬ್ಬ ಧಣಿಯ ಹೆಂಡತಿ ಮಧ್ಯಾಹ್ನ ಮಜ್ಜಿಗೆ ಕೊಡುತ್ತಿದ್ದರಂತೆ. ಇನ್ನೊಬ್ಬ ಧಣಿ ಮಳೆ ಬಂದ ದಿನ ಅರ್ಧ ಕೂಲಿ ಹಿಡಿದನಂತೆ. ಮುದುಕಿಗೆ ಎರಡೂ ನೆನಪಿದೆ. ಅಂದರೆ ಆ ಊರಿಗೆ ಕ್ಯಾಂಪ್ ಅಂದರೆ ಬರೀ ಆಂಧ್ರ ಅಲ್ಲ, ತಾವು ಕೆಸರಿನಲ್ಲಿ ಬಗ್ಗಿ ನಿಂತ ಜಾಗವೂ ಹೌದು. ಟೀಚರಿಗೆ ಇದು ಹೊಸದು. ಅವರ ಮನೆಯಲ್ಲಿ ಅಜ್ಜ ಪಟ್ಟ ಕಷ್ಟದ ಕಥೆ ಮಾತ್ರ ಕೇಳಿದ್ದರು.

ನಾಲ್ಕನೇ ಭೇಟಿಯಲ್ಲಿ ಅಸಲು ವಿಷಯ ಹೊರಗೆ ಬಂತು. ಒಂದು ಶನಿವಾರ ಶಾಲೆ ಬಿಡುವ ಹೊತ್ತಿಗೆ ಅವರ ತಾಯಿ ಹೇಳದೆ ಬಂದಿದ್ದರು. ಕೈಯಲ್ಲಿ ಗೋಂಗೂರ ಉಪ್ಪಿನಕಾಯಿಯ ಸ್ಟೀಲ್ ಡಬ್ಬಿ. ಬಸ್‌ಸ್ಟಾಪಿನಿಂದಲೇ "ಅಮ್ಮಾಯೀ" ಅಂತ ಜೋರಾಗಿ ಕೂಗಿದರು. ಸುತ್ತ ಮಕ್ಕಳಿದ್ದರು. "ಯಾರ್ರೀ ಟೀಚರ್ ಅವರು?" ಅಂತ ಒಬ್ಬ ಹುಡುಗ ಕೇಳಿದ. "ನಮ್ಮ ಪರಿಚಯದವರು" ಅಂದುಬಿಟ್ಟರು ಟೀಚರ್. ತಾಯಿಗೆ ಅಷ್ಟು ಕನ್ನಡ ತಿಳಿಯುತ್ತದೆ.

ತಾಯಿ ಏನೂ ಅನ್ನಲಿಲ್ಲ. ಸಂಜೆ ಬಸ್ಸಿಗೇ ಹೋದರು. ಡಬ್ಬಿ ಮಂಚದ ಕೆಳಗಿದೆ, ತೆರೆದಿಲ್ಲ ಎಂದರು ಟೀಚರ್. ಅದೇ ಗೋಂಗೂರ ಸೊಪ್ಪನ್ನು ಆ ಊರಿನ ಮನೆಮನೆಯಲ್ಲೂ ಪುಂಡಿಪಲ್ಯ ಅಂತ ರೊಟ್ಟಿಗೆ ಹಚ್ಚಿಕೊಂಡು ತಿನ್ನುತ್ತಾರೆ ಅನ್ನುವುದು ನನ್ನ ಬಾಯಿಗೆ ಬಂದಿತ್ತು. ಹೇಳಲಿಲ್ಲ. ಅವರು ಅಳುತ್ತಿದ್ದರು.

ಸಭೆಯ ಮಾತು ನೋವು ಕೊಟ್ಟದ್ದು ನಿಜ. ಆದರೆ ನಿದ್ದೆ ಕೆಡಿಸಿದ್ದು ಇದು. ಎರಡನ್ನೂ ಒಂದೇ ಗಂಟು ಮಾಡಿಕೊಂಡಿದ್ದರು.

ನಾನು ಕೊಟ್ಟ ಸಲಹೆ ಇಷ್ಟು. ಸರ್ಟಿಫಿಕೇಟು ಕಚೇರಿಗೆ ಬೇಕಾದದ್ದು, ಅದನ್ನು ಮನೆಯ ಟ್ರಂಕಿನಲ್ಲಿಡಿ. ಊರು ಕೇಳಿದವರಿಗೆ ಒಂದೇ ಉಸಿರಿನಲ್ಲಿ ಪೂರಾ ಹೇಳಿ, ಇಂಥ ಕ್ಯಾಂಪು, ಮನೆಯಲ್ಲಿ ತೆಲುಗು, ಮೂರು ವರ್ಷದಿಂದ ನಿಮ್ಮೂರಲ್ಲೇ ಇದ್ದೀನಿ ಅಂತ. ಆಮೇಲೆ ಅವರದ್ದನ್ನೂ ಕೇಳಿ. ಅರ್ಧ ಹೇಳಿ ಅರ್ಧ ಬಚ್ಚಿಟ್ಟರೆ ಬಚ್ಚಿಟ್ಟದ್ದೇ ದೊಡ್ಡದಾಗಿ ಕಾಣುತ್ತದೆ, ಅಲ್ವಾ? ಆ ಸದಸ್ಯರ ಜೊತೆ ಒಬ್ಬರೇ ವಾದಕ್ಕೆ ನಿಲ್ಲಬೇಡಿ. ಮತ್ತೆ ಸಭೆಯಲ್ಲಿ ಎತ್ತಿದರೆ ಮುಖ್ಯ ಶಿಕ್ಷಕರ ಎದುರಲ್ಲೇ, "ಅಣ್ಣಾರ, ನೇಮಕದ ಬಗ್ಗೆ ತಕರಾರಿದ್ದರೆ ಬಿಇಒ ಕಚೇರಿಗೆ ಅರ್ಜಿ ಕೊಡ್ರಿ, ಇಲ್ಲಿ ಶಾಲೆ ಮಾತಾಡೋಣ" ಅನ್ನಿ. ಆ ಸದಸ್ಯರ ಮಗಳು ಇದೇ ಶಿಕ್ಷಕರ ನೇಮಕದ ಪರೀಕ್ಷೆ ಬರೆದು ಪಾಸಾಗಿರಲಿಲ್ಲ ಅಂತ ಆಮೇಲೆ ತಿಳಿಯಿತು. ಅವರ ಸಂಕಟ ಸುಳ್ಳಲ್ಲ, ಆದರೆ ಅದನ್ನು ಟೀಚರ್ ತೀರಿಸಲು ಆಗುವುದಿಲ್ಲ.

ಕೊನೆಯದಾಗಿ, ತಾಯಿಯ ಹತ್ತಿರ ಆ ಶನಿವಾರದ ಮಾತು ತೆಗೆಯಿರಿ ಎಂದೆ. ಇದೊಂದಕ್ಕೆ ಮೂರು ವಾರ ತಗೊಂಡರು.

ಐದನೇ ಭೇಟಿಗೆ ಬಂದಾಗ ನಿದ್ದೆ ಪರವಾಗಿಲ್ಲ ಎಂದರು. ಸದಸ್ಯರು ಈಗಲೂ ಅವರನ್ನು ಕ್ಯಾಂಪಿನೋರು ಅಂತಲೇ ಅನ್ನುತ್ತಾರೆ. ತಾಯಿಗೆ ಫೋನ್ ಮಾಡಿ ತಪ್ಪಾಯಿತು ಅಂದರಂತೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ತಾಯಿ ಕೇಳಿದ್ದು ಒಂದೇ: "ಉಪ್ಪಿನಕಾಯಿ ಮುಗಿದಿದ್ದರೆ ಡಬ್ಬಿ ವಾಪಸ್ ತಗೊಂಡು ಬಾ, ಅದು ಒಳ್ಳೆ ಡಬ್ಬಿ."