ಹತ್ತೊಂಬತ್ತರ ವಯಸ್ಸಿನವರ ಮಾತಿಗೆ ತೂಕ ಎಲ್ಲಿಂದ ಬರಬೇಕು?

ಮಾನ್ಯರೇ,

ಕೋಲಾರದ ಪದವಿ ಕಾಲೇಜಿನಲ್ಲಿ ಕನ್ನಡ ಬೋಧಿಸುವ ತಾವು ಎರಡು ಪ್ರಶ್ನೆ ಕೇಳಿದ್ದೀರಿ. ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರನ್ನು ಕೋಲಾರದ ಕೆರೆಗಳಿಗೆ ತರುವ ಕೆ.ಸಿ. ವ್ಯಾಲಿ (ಕೋರಮಂಗಲ–ಚಲ್ಲಘಟ್ಟ ಕಣಿವೆ) ಯೋಜನೆಯ ಬಗ್ಗೆ ಜಿಲ್ಲಾಧಿಕಾರಿಗಳಿಗೆ ಮನವಿ ಬರೆಯಿರಿ ಎಂದಾಗ ವಿದ್ಯಾರ್ಥಿಗಳು ಬರೀ ಆಕ್ರೋಶ ತುಂಬಿದ್ದರಿಂದ, ಭಾವನೆಗೆ ಜಾಗವೇ ಇಲ್ಲವೆಂದು ಹೇಳಿಬಿಡಬೇಕೇ ಎಂಬುದು ಒಂದು. ಹುದ್ದೆಯಿಲ್ಲದ, ಹತ್ತೊಂಬತ್ತು ವರ್ಷದವರ ಮಾತನ್ನು ಅಧಿಕಾರಿಗಳು ಏಕೆ ನಂಬಬೇಕು ಎಂಬುದು ಇನ್ನೊಂದು.

ಎರಡನೆಯದನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಕ್ರಿ.ಪೂ. 4ನೇ ಶತಮಾನದಲ್ಲಿ ಅರಿಸ್ಟಾಟಲ್ ಒಪ್ಪಿಸುವ ದಾರಿಗಳನ್ನು ಮೂರಾಗಿ ವಿಂಗಡಿಸಿದ: ಹೇಳುವವರ ಮೇಲಿನ ವಿಶ್ವಾಸ, ಕೇಳುವವರ ಭಾವನೆ, ವಿಷಯದ ತರ್ಕ. ಈ ವಿಶ್ವಾಸವು ಮೊದಲೇ ಗಳಿಸಿದ ಹೆಸರಿನಿಂದ ಬರದೆ, ಆಡುವ ಮಾತಿನಿಂದಲೇ ಹುಟ್ಟಬೇಕೆಂದೂ ಅವನು ಹೇಳಿದ್ದಾನೆ. ನಿಮ್ಮ ವಿದ್ಯಾರ್ಥಿಗಳಿಗೆ ಇದಕ್ಕಿಂತ ದೊಡ್ಡ ಭರವಸೆ ಬೇಕಿಲ್ಲ.

ನೀವು ಕಳಿಸಿದ ಮನವಿಗಳಲ್ಲೊಂದು ‘ಕೆರೆಗೆ ವಿಷ ಹರಿಸಿ ನಮ್ಮನ್ನು ಕೊಲ್ಲುತ್ತಿದ್ದಾರೆ’ ಎಂದು ಶುರುವಾಗುತ್ತದೆ. ಈ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧೀಕರಿಸಿ, ಅಂತರ್ಜಲ ಮರುಪೂರಣಕ್ಕಾಗಿ 2018ರಿಂದ ಕೆರೆಗಳಿಗೆ ಹರಿಸಲಾಗುತ್ತಿದೆ ಎಂಬುದನ್ನು ಬಲ್ಲ ಅಧಿಕಾರಿ ಆ ಮೊದಲ ಸಾಲಿಗೇ ಕಾಗದವನ್ನು ಬದಿಗಿಡುತ್ತಾರೆ. ಅದೇ ವಿದ್ಯಾರ್ಥಿನಿ ನಾಲ್ಕನೇ ಪ್ಯಾರಾದಲ್ಲಿ, ಕೋಡಿಯ ಬಳಿ ನೊರೆ ಎದ್ದಿದ್ದನ್ನು ಕಂಡೆ, ಅಜ್ಜಿ ಅಂದಿನಿಂದ ಹಸುಗಳನ್ನು ಆ ಕಡೆ ಬಿಡುತ್ತಿಲ್ಲ ಎಂದು ಬರೆದಿದ್ದಾಳೆ. ಮನವಿ ಅಲ್ಲಿಂದ ಆರಂಭವಾಗಬೇಕಿತ್ತು. ಕಂಡದ್ದನ್ನು ಕಂಡೆನೆಂದು, ಕೇಳಿದ್ದನ್ನು ಕೇಳಿದೆನೆಂದು ಬೇರ್ಪಡಿಸಿ, ನೀರನ್ನು ಪರೀಕ್ಷೆ ಮಾಡಿಸಿಲ್ಲದಿದ್ದರೆ ಅದನ್ನೂ ಹೇಳಿ, ಬತ್ತಿದ್ದ ಕೊಳವೆಬಾವಿಯಲ್ಲಿ ಮತ್ತೆ ನೀರು ಬಂದಿದ್ದರೆ ಅದನ್ನು ಮುಚ್ಚಿಡದೆ ಒಪ್ಪಿಕೊಂಡು, ಆಮೇಲೆ ಮೂರನೇ ಹಂತದ ಶುದ್ಧೀಕರಣ ಬೇಕೆಂದು ಕೇಳಿದರೆ, ಆ ಬೇಡಿಕೆಯನ್ನು ತಳ್ಳಿಹಾಕುವುದು ಯಾವ ಕಚೇರಿಗೂ ಸುಲಭವಲ್ಲ. ಎದುರು ಪಕ್ಷದ ಗಟ್ಟಿ ವಾದವನ್ನು ತಾನೇ ಮುಂದಿಡುವವರನ್ನು ಜನ ನಂಬುತ್ತಾರೆ. ತರಗತಿಯಲ್ಲಿ ಇದನ್ನು ಕಲಿಸುವುದೇ ಅತ್ಯಂತ ಕಷ್ಟ, ಹೆಚ್ಚು ಸಮಯ ಕೊಡಬೇಕಾದುದೂ ಇದಕ್ಕೇ.

ಇನ್ನು ಭಾವನೆಯನ್ನು ದಯವಿಟ್ಟು ನಿಷೇಧಿಸಬೇಡಿ. ಆಳದ ಕೊಳವೆಬಾವಿಗಳ ಫ್ಲೋರೈಡ್ ನೀರು ಕುಡಿದು ಹಲ್ಲು ಕಂದಿದ, ಕೀಲು ಬಿಗಿದ ಜನರಿರುವ ಜಿಲ್ಲೆಯಲ್ಲಿ ನೀರಿನ ಬಗ್ಗೆ ತಣ್ಣಗೆ ಬರೆಯಿರಿ ಎನ್ನುವುದು ನ್ಯಾಯವಲ್ಲ. ಆದರೆ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂಬ ಭಾರತೀಯ ಮಾನದಂಡವನ್ನೂ ಊರಿನ ನೀರಿನ ಪರೀಕ್ಷಾ ವರದಿಯನ್ನೂ ಪಕ್ಕಪಕ್ಕ ಇಟ್ಟು, ನಂತರ ಅಜ್ಜಿಯ ಮೊಣಕಾಲಿನ ನೋವನ್ನು ಹೇಳಿದರೆ ಓದುವವರಿಗೆ ನೋವೂ ತಟ್ಟುತ್ತದೆ, ಅದರ ಕಾರಣವೂ ತಿಳಿಯುತ್ತದೆ. ಆಧಾರವಿಲ್ಲದೆ ಭಯ ಹುಟ್ಟಿಸುವ ವಾಕ್ಯಗಳಿಗೆ ಮಾತ್ರ ಅಂಕ ಕಳೆಯಿರಿ, ಮತ್ತು ಏಕೆ ಕಳೆದಿರೆಂದು ಪಕ್ಕದಲ್ಲೇ ಬರೆದುಕೊಡಿ.

ತಿದ್ದಿ ಬರೆಸಿದ ಮನವಿಗಳನ್ನು ವಿದ್ಯಾರ್ಥಿಗಳ ಒಪ್ಪಿಗೆ ಪಡೆದು ಕಳಿಸಿಕೊಡಿ. ಮೊದಲ ಕರಡನ್ನೂ ತಿದ್ದಿದ ಪ್ರತಿಯನ್ನೂ ಒಂದೇ ಪುಟದಲ್ಲಿ ಪ್ರಕಟಿಸುತ್ತೇವೆ.

— ಸಂಪಾದಕ