ಸ್ಟ್ರೋಲರ್ ಮತ್ತು ಮಂಡಿನೋವು: ಟಾರ್ನ್ ಹೌಸ್ ಕೆರೆ ಸಾಕು

ಮೇ ಕೊನೆಯಲ್ಲಿ ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್‌ನ ಆಂಬಲ್‌ಸೈಡ್‌ನಲ್ಲಿ ಉಳಿಯುತ್ತೇವೆ, ಸ್ಟ್ರೋಲರ್‌ನಲ್ಲಿ ಮಗು, ಜೊತೆಗೆ ಮಂಡಿನೋವಿನ ಅತ್ತೆಯವರು, ಎಲ್ಲಿ ನಡೆಯಬಹುದು ಎಂದು ಕೇಳಿದ್ದೀರಿ. ಯೋಚಿಸದೆ ಟಾರ್ನ್ ಹೌಸ್ ಕೆರೆಗೆ ಹೋಗಿ. ಹಾಕ್ಸ್‌ಹೆಡ್ ಮತ್ತು ಕಾನಿಸ್ಟನ್ ಊರುಗಳ ನಡುವೆ, ಗುಡ್ಡದ ಮೇಲಿದೆ. ಕೆರೆಯ ಸುತ್ತಿನ ದಾರಿ ಮೂರು ಕಿಲೋಮೀಟರ್‌ಗಿಂತ ತುಸು ಕಡಿಮೆ. ಗಟ್ಟಿ ನೆಲ, ಹತ್ತಿ ದಾಟಬೇಕಾದ ಬೇಲಿಗಳಿಲ್ಲ. ಅಲ್ಲಲ್ಲಿ ಏರಿಳಿತವಿದೆ, ಅತ್ತೆಯವರ ಕೈಯಲ್ಲಿ ಒಂದು ಊರುಗೋಲು ಇರಲಿ.

ನೋಡಿದರೆ ಅನಾದಿಕಾಲದಿಂದ ಹಾಗೆಯೇ ಇದ್ದ ಸರೋವರ ಅನಿಸುತ್ತದೆ. ಅಸಲಿಗೆ 19ನೆಯ ಶತಮಾನದಲ್ಲಿ ಜಮೀನಿನ ಒಡೆಯರು ಒಡ್ಡು ಹಾಕಿಸಿ ಸಣ್ಣ ಕೊಳಗಳನ್ನು ಒಂದುಗೂಡಿಸಿದ್ದು! ಈಗ ಪ್ರಕೃತಿ ಮತ್ತು ಪಾರಂಪರಿಕ ತಾಣಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆ ನೋಡಿಕೊಳ್ಳುತ್ತದೆ. ಹರ್ಡ್‌ವಿಕ್ ಕುರಿಗಳು ಮೇಯುತ್ತಿರುತ್ತವೆ, ಮಗುವಿಗೆ ಅದೇ ದೊಡ್ಡ ಆಕರ್ಷಣೆ. ದನಗಳು ಕರುಗಳೊಂದಿಗೆ ಇದ್ದರೆ ಮಾತ್ರ ದೂರದಿಂದ ಬಳಸಿಕೊಂಡು ಹೋಗಿ. ಗೇಟುಗಳನ್ನು ಹೇಗಿದ್ದವೋ ಹಾಗೆಯೇ ಬಿಡಿ.

ಅದೇ ಪ್ರದೇಶದ ಕ್ಯಾಟ್ ಬೆಲ್ಸ್ ಬೆಟ್ಟವನ್ನು 'ಮಕ್ಕಳೂ ಹತ್ತುತ್ತಾರೆ' ಎಂದು ಬಹಳ ಜನ ಸೂಚಿಸುತ್ತಾರೆ. ಹತ್ತುತ್ತಾರೆ, ನಿಜ. ಆದರೆ ಬಂಡೆ ಹಿಡಿದು ಏರಬೇಕಾದ ಜಾಗಗಳಿವೆ, ನಿಮ್ಮ ಪರಿವಾರಕ್ಕೆ ಅದು ಬೇಡ.

ಆಂಬಲ್‌ಸೈಡ್‌ನಿಂದ ಹಾಕ್ಸ್‌ಹೆಡ್‌ಗೆ ಬಸ್ ಇದೆ, ಆದರೆ ಅಲ್ಲಿಂದ ಮುಂದೆ ಏರುದಾರಿ. ಕಾರು ಅಥವಾ ಟ್ಯಾಕ್ಸಿ ಉತ್ತಮ. ಮೇ ಕೊನೆಗೆ ಅಲ್ಲಿನ ಶಾಲೆಗಳಿಗೆ ರಜೆ ಇರುವುದರಿಂದ ಪಾರ್ಕಿಂಗ್ ಬೇಗ ತುಂಬಬಹುದು. ಹತ್ತು ಗಂಟೆಯೊಳಗೆ ತಲುಪಿ, ಮಳೆಯಂಗಿ ಮರೆಯಬೇಡಿ.